ಸಾಲದ ಸಂತೋಷ

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿರುವ ಹುತ್ರಿದುರ್ಗವು ಕೆಂಪೇಗೌಡರ ಹೆಸರಿನೊಡನೆ ಬೆಸೆದುಕೊಂಡಿರುವ ನವದುರ್ಗಗಳಲ್ಲಿ ಒಂದು. ಬೆಟ್ಟವನ್ನು ಬಳಸಿ ಏರುವ ಕೋಟೆಗೋಡೆಗಳೂ ಒಂದಾದ ಮೇಲೊಂದರಂತೆ ಎದುರಾಗುವ ಬಾಗಿಲುಗಳೂ ಶತ್ರುವನ್ನು ತಡೆಯಲೆಂದೇ ನಿರ್ಮಾಣಗೊಂಡವು. ಮನುಷ್ಯನ ಮಿದುಳೂ ಇಂತಹುದೊಂದು ದುರ್ಗವೇ. ಅದಕ್ಕೆ ಹೊರಗೆ ತಲೆಬುರುಡೆಯ ಕೋಟೆಯಿದೆ. ಒಳಗೆ, ರಕ್ತನಾಳಗಳ ಭಿತ್ತಿಯಲ್ಲಿ, ರಕ್ತದೊಡನೆ ಬರುವ ಅನೇಕ ವಸ್ತುಗಳನ್ನು ತಡೆದು ನಿಲ್ಲಿಸುವ ಸೂಕ್ಷ್ಮವಾದ ಕಾವಲಿದೆ. ಆದರೆ ಆ ಕಾವಲನ್ನೂ ದಾಟಿ ಒಳಹೊಗುವ ದ್ರವ್ಯಗಳುಂಟು. ಮೋಜಿಗಾಗಿ ಸೇವಿಸುವ ಉತ್ತೇಜಕ ಮಾದಕ ದ್ರವ್ಯಗಳು ಈ ಗುಂಪಿಗೆ ಸೇರಿದವು.

ಇವುಗಳಲ್ಲಿ ಎಂ.ಡಿ.ಎಂ.ಎ. ಎಂಬುದು ಮುಖ್ಯವಾದುದು. ಜರ್ಮನಿಯ ಮೆರ್ಕ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ 1912ರಲ್ಲಿ ತಯಾರಾದ ಈ ರಾಸಾಯನಿಕವು ಬಹುಕಾಲ ಯಾರ ಗಮನಕ್ಕೂ ಬಾರದೆ ಉಳಿದಿದ್ದು, 1980ರ ದಶಕದಲ್ಲಿ ಪಾಶ್ಚಾತ್ಯ ದೇಶಗಳ ನೃತ್ಯಕೂಟಗಳ ಮೂಲಕ ಜಗತ್ತಿನಲ್ಲೆಲ್ಲ ಹರಡಿತು. ಬೆಂಗಳೂರಿನಲ್ಲಿ ಪೊಲೀಸರು ಇದನ್ನು ವಶಪಡಿಸಿಕೊಂಡ ಸುದ್ದಿಯು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ಭಾರತದಲ್ಲಿ ಇಂತಹ ದ್ರವ್ಯಗಳ ಅಕ್ರಮ ತಯಾರಿಕೆ, ಮಾರಾಟ ಮತ್ತು ಸೇವನೆ 1985ರ ಮಾದಕ ವಸ್ತುಗಳ ಕಾಯಿದೆಯಂತೆ ಶಿಕ್ಷಾರ್ಹ ಅಪರಾಧ. ಕಾನೂನು ಏಕೆ ಇಷ್ಟು ಕಠಿಣವಾಗಿದೆಯೆಂಬುದನ್ನು ತಿಳಿಯಬೇಕಾದರೆ, ಈ ದ್ರವ್ಯವು ಮಿದುಳಿನಲ್ಲಿ ಮಾಡುವ ಕೆಲಸವನ್ನು ಅರಿಯಬೇಕು.

ಮಿದುಳಿನ ನರಕೋಶಗಳು ಒಂದಕ್ಕೊಂದು ಸಂದೇಶ ಮುಟ್ಟಿಸಲು ಕೆಲವು ರಾಸಾಯನಿಕಗಳನ್ನು ಬಳಸುತ್ತವೆ. ಅವುಗಳಲ್ಲಿ ಸೆರೊಟೋನಿನ್ ಒಂದು. ಇದನ್ನು ರಕ್ತದಿಂದ ಬೇರ್ಪಡಿಸಿದ್ದು 1948ರಲ್ಲಿ; ಮಿದುಳಿನಲ್ಲಿಯೂ ಇದೆಯೆಂದು ಬೆಟ್ಟಿ ಟ್ವಾರೋಗ್ ಎಂಬ ವಿಜ್ಞಾನಿ ಕಂಡುಕೊಂಡದ್ದು ಅದಾದ ಕೆಲವೇ ವರ್ಷಗಳಲ್ಲಿ. ಹಾಲು, ಬೇಳೆಕಾಳುಗಳಂತಹ ಆಹಾರದಲ್ಲಿರುವ ಟ್ರಿಪ್ಟೊಫಾನ್ ಎಂಬ ಅಂಶದಿಂದ ನರಕೋಶಗಳು ಇದನ್ನು ತಯಾರಿಸಿಕೊಳ್ಳುತ್ತವೆ. ಮಿದುಳಿನ ಕಾಂಡದಲ್ಲಿರುವ ಕೆಲವೇ ಕೋಶಗಳ ಗುಂಪಿನಿಂದ ಹೊರಟ ಎಳೆಗಳು ಮಿದುಳಿನ ಮೂಲೆಮೂಲೆಗೂ ಇದನ್ನು ಕೊಂಡೊಯ್ಯುತ್ತವೆ. ನಿದ್ರೆ, ಹಸಿವು, ದೇಹದ ಉಷ್ಣತೆ, ನೆನಪು, ಮನಸ್ಸಿನ ಸಮಾಧಾನ ಇವೆಲ್ಲದರಲ್ಲಿಯೂ ಇದರ ಪಾತ್ರವಿದೆ.

ಇದರ ವ್ಯವಸ್ಥೆಯನ್ನು ಬಯಲುಸೀಮೆಯ ಕೆರೆಯೊಂದಕ್ಕೆ ಹೋಲಿಸಬಹುದು. ಕುಣಿಗಲ್ಲಿನ ದೊಡ್ಡ ಕೆರೆಯಂತಹ ಕೆರೆಗಳಲ್ಲಿ ಮಳೆಗಾಲದ ನೀರು ಸಂಗ್ರಹವಾಗುತ್ತದೆ. ನೀರುಗಂಟಿಯು ತೂಬನ್ನು ಅಳತೆಯರಿತು ಎತ್ತುತ್ತಾನೆ. ನೀರು ಕಾಲುವೆಗಳಲ್ಲಿ ಹರಿದು ಗದ್ದೆಗಳನ್ನು ಸೇರುತ್ತದೆ. ನರಕೋಶವೂ ಹಾಗೆಯೇ ತನ್ನ ಎಳೆಯ ತುದಿಯಲ್ಲಿ ಸೆರೊಟೋನಿನ್ನನ್ನು ಕೂಡಿಟ್ಟುಕೊಂಡು, ಅಗತ್ಯವಿದ್ದಾಗ ಅಗತ್ಯವಿದ್ದಷ್ಟನ್ನೇ ಹೊರಬಿಡುತ್ತದೆ. ಕೆರೆಗಿಲ್ಲದ ಒಂದು ಅನುಕೂಲವೂ ಅದಕ್ಕಿದೆ. ಕೆಲಸ ಮುಗಿದ ಮೇಲೆ ಹೊರಗುಳಿದ ಸೆರೊಟೋನಿನ್ನನ್ನು ಸಾಗಣೆಕಾರ ಎಂಬ ಪ್ರೋಟೀನು ಮತ್ತೆ ಒಳಕ್ಕೆ ಸೆಳೆದು ತರುತ್ತದೆ. ಹೆಚ್ಚು ಪೋಲಾಗದ ಮಿತವ್ಯಯವಿದು.

ಎಂ.ಡಿ.ಎಂ.ಎ. ಈ ವ್ಯವಸ್ಥೆಯನ್ನೇ ಬುಡಮೇಲು ಮಾಡುತ್ತದೆ. ಒಳಕ್ಕೆ ಸೆಳೆಯಬೇಕಾದ ಸಾಗಣೆಕಾರವು ಅದರ ಪ್ರಭಾವದಿಂದ ಹಿಮ್ಮುಖವಾಗಿ ನಡೆದು, ಕೂಡಿಟ್ಟುದನ್ನೆಲ್ಲ ಹೊರಕ್ಕೆ ಸುರಿಯುತ್ತದೆ. ತೂಬನ್ನೇ ಕಿತ್ತೆಸೆದಂತೆ ಒಮ್ಮೆಗೇ ನೀರು ನುಗ್ಗುತ್ತದೆ. ಸೇವಿಸಿದವನು ಆ ಕೆಲವು ಗಂಟೆಗಳ ಕಾಲ ಅನುಭವಿಸುವ ಉಲ್ಲಾಸಕ್ಕೆ ಬಹುಮಟ್ಟಿಗೆ ಇದೇ ಕಾರಣ. ಆ ಉಲ್ಲಾಸವನ್ನು ದ್ರವ್ಯವು ತಂದುಕೊಟ್ಟುದಲ್ಲ. ಅವನ ಮಿದುಳು ಮುಂದಿನ ದಿನಗಳಿಗೆಂದು ಕಾಪಾಡಿಕೊಂಡಿದ್ದುದನ್ನೇ ಅದು ಒಂದೇ ರಾತ್ರಿಯಲ್ಲಿ ವೆಚ್ಚ ಮಾಡಿಸಿತು. ಇಷ್ಟೇ ಅಲ್ಲದೆ, ಸೆರೊಟೋನಿನ್ ತಯಾರಿಕೆಗೆ ಬೇಕಾದ ಕಿಣ್ವವನ್ನೂ ಅದು ಕುಂಠಿತಗೊಳಿಸುತ್ತದೆ. ಕೆರೆ ಬರಿದಾದ ಹೊತ್ತಿನಲ್ಲಿಯೇ ಮಳೆಯೂ ನಿಂತಂತಾಗುತ್ತದೆ. ಮುಂದಿನ ದಿನಗಳಲ್ಲಿ ಕವಿಯುವ ಖಿನ್ನತೆ, ನಿದ್ರಾಹೀನತೆ, ಸಿಡುಕುತನಗಳು ಆ ಸಾಲದ ಬಡ್ಡಿ. ಕೆಲವೊಮ್ಮೆ ದೇಹದ ಉಷ್ಣತೆ ಮಿತಿಮೀರಿ ಏರಿ, ಒಮ್ಮೆಯ ಸೇವನೆಯೇ ಪ್ರಾಣಾಂತಕವಾಗುವುದೂ ಉಂಟು.

ಬರಿದಾದ ಕೆರೆ ಮತ್ತೆ ತುಂಬಬಹುದು. ಆದರೆ ಕಾಲುವೆಗಳೇ ಹಾಳಾದರೆ? ದೀರ್ಘಕಾಲದ ಪರಿಣಾಮವನ್ನು ಕುರಿತ ಪ್ರಶ್ನೆ ಇದು. ಕೋತಿಗಳಿಗೆ ನಾಲ್ಕು ದಿನ ಈ ದ್ರವ್ಯವನ್ನು ಕೊಟ್ಟು, ಏಳು ವರ್ಷಗಳ ಅನಂತರ ಪರೀಕ್ಷಿಸಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಸೆರೊಟೋನಿನ್ ಎಳೆಗಳು ಮಿದುಳಿನ ಕೆಲವು ಭಾಗಗಳಲ್ಲಿ ಆಗಲೂ ವಿರಳವಾಗಿಯೇ ಇದ್ದವು. ಮನುಷ್ಯರಲ್ಲಿ, ಹೆಚ್ಚಾಗಿ ಸೇವಿಸಿದವರ ಮಿದುಳಿನ ಚಿತ್ರಗಳನ್ನು ತೆಗೆದು ನೋಡಿದಾಗ, ಸೆರೊಟೋನಿನ್ ಸಾಗಣೆಕಾರಗಳ ಪ್ರಮಾಣ ಕುಗ್ಗಿರುವುದು ಕಂಡುಬಂದಿತು. ಇಂತಹವರಲ್ಲಿ ಅನೇಕರ ಜ್ಞಾಪಕಶಕ್ತಿ ಕ್ಷೀಣಿಸಿರುವುದೂ ತಿಳಿಯಿತು. ಮೆಥಾಂಫೆಟಮಿನ್ ಎಂಬ ಇನ್ನೊಂದು ಉತ್ತೇಜಕವು ಸೆರೊಟೋನಿನ್ನಿನ ಜೊತೆಗೆ ಡೋಪಮಿನ್ ಎಂಬ ರಾಸಾಯನಿಕದ ವ್ಯವಸ್ಥೆಯನ್ನೂ ಕೆಡಿಸುತ್ತದೆ.

ಆದರೆ ವಿಜ್ಞಾನವು ಭಯಪಡಿಸುವುದಕ್ಕಾಗಿ ಸತ್ಯವನ್ನು ಹಿಗ್ಗಿಸುವುದಿಲ್ಲ. ಎಂ.ಡಿ.ಎಂ.ಎ. ಡೋಪಮಿನ್ ಕೋಶಗಳನ್ನೂ ನಾಶಮಾಡುವುದೆಂದು ಸಾರಿದ ಸಂಶೋಧನಾ ಲೇಖನವೊಂದು 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾಗಿತ್ತು. ಸೀಸೆಯ ಮೇಲಿನ ಚೀಟಿ ಅದಲುಬದಲಾಗಿ, ಪ್ರಾಣಿಗಳಿಗೆ ಮೆಥಾಂಫೆಟಮಿನ್ ಕೊಡಲಾಗಿತ್ತೆಂದು ತಿಳಿದೊಡನೆ, 2003ರಲ್ಲಿ ಸಂಶೋಧಕರೇ ಅದನ್ನು ಹಿಂತೆಗೆದುಕೊಂಡರು. ಸೇವಿಸುವವರಲ್ಲಿ ಹಲವರು ಮದ್ಯ, ಗಾಂಜಾಗಳನ್ನೂ ಬಳಸುವುದರಿಂದ, ಯಾವ ಹಾನಿ ಯಾವುದರಿಂದ ಬಂದಿತೆಂದು ಬೇರ್ಪಡಿಸುವುದೂ ಸುಲಭವಲ್ಲ. ಸೇವನೆಯನ್ನು ಬಿಟ್ಟು ಬಹುಕಾಲ ಕಳೆದವರಲ್ಲಿ ಸಾಗಣೆಕಾರಗಳು ಬಹುಮಟ್ಟಿಗೆ ಚೇತರಿಸಿಕೊಂಡಿರುವುದನ್ನೂ ಅಧ್ಯಯನಗಳು ತೋರಿಸಿವೆ. ಆದರೆ ನೆನಪಿನ ಕುಂದು ಕೆಲವರಲ್ಲಿ ಹಾಗೆಯೇ ಉಳಿದಿದೆ. ಹೀಗೆ ಜೋಕೆಯಿಂದ ಅಳೆದು ತೂಗಿದ ಮೇಲೂ ಉಳಿಯುವ ಎಚ್ಚರಿಕೆಯಾದುದರಿಂದಲೇ ಇದು ನಂಬತಕ್ಕುದು.

ಯೌವನದಲ್ಲಿ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ. ವಿವೇಚನೆಗೆ ಆಧಾರವಾದ ಅದರ ಮುಂಭಾಗವು ಪೂರ್ಣವಾಗಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಆದುದರಿಂದ ಗೆಳೆಯರ ಒತ್ತಾಯಕ್ಕೆ ಮಣಿದು "ಒಂದೇ ಸಲ" ಎಂದುಕೊಳ್ಳುವ ಹರೆಯದವರಿಗೆ ಅಪಾಯ ಹೆಚ್ಚು. ಈಗಾಗಲೇ ಸಿಲುಕಿದವರನ್ನು ಹೀಗಳೆಯುವುದರಿಂದ ಪ್ರಯೋಜನವಿಲ್ಲ. ಅವರಿಗೆ ಬೇಕಾದುದು ಚಿಕಿತ್ಸೆ. ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆಮಾಡಿ, ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ಪಡೆಯಬಹುದು.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯುಂಟು. ಮಿದುಳಿನ ವಿಷಯದಲ್ಲಿ ಅದು ಪೂರ್ತಿಯಾಗಿ ಸಲ್ಲದು. ತಡವಾಗಿ ಮುಚ್ಚಿದ ಬಾಗಿಲೂ ಉಳಿದುದನ್ನು ಕಾಯುತ್ತದೆ, ಕಳೆದುದರಲ್ಲಿ ಒಂದಷ್ಟು ಮರಳಿಯೂ ಬರುತ್ತದೆ. ಆದರೆ ಎಷ್ಟು ಮರಳುವುದೆಂದು ಮೊದಲೇ ಹೇಳಬಲ್ಲವರಿಲ್ಲ. ಆದುದರಿಂದ ಬಾಗಿಲನ್ನು ತೆರೆಯದಿರುವುದೇ ಜಾಣತನ.