ಹೆದ್ದಾರಿಯ ಕೆಲಸ ನಿಲ್ಲಿಸಿದ ಹೆಬ್ಬಾವು

2022ರ ಮಾರ್ಚ್ ತಿಂಗಳು. ಕಾಸರಗೋಡಿನ ಸಿಪಿಸಿಆರ್‌ಐ ಪರಿಸರದಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣ ಭರದಿಂದ ಸಾಗಿತ್ತು. ಮೋರಿ ಕಟ್ಟುವ ಜಾಗದ ಸಮೀಪ, ಮುಳ್ಳುಹಂದಿಯ ಬಿಲವೊಂದರಲ್ಲಿ ಮೊಟ್ಟೆಗಳನ್ನು ಸುತ್ತಿಕೊಂಡು ಮಲಗಿದ್ದ ಹೆಬ್ಬಾವೊಂದು ಕೆಲಸಗಾರರ ಕಣ್ಣಿಗೆ ಬಿತ್ತು. ಗುತ್ತಿಗೆ ವಹಿಸಿದ್ದ ಊರಾಳುಂಗಲ್ ಕಾರ್ಮಿಕ ಸಹಕಾರ ಸಂಘವು ಆ ಭಾಗದ ಕೆಲಸವನ್ನು 54 ದಿನಗಳ ಕಾಲ ನಿಲ್ಲಿಸಿತು. ಮೊಟ್ಟೆಗಳಿದ್ದುದು 24. ಒಡೆಯುವ ಕಾಲ ಸಮೀಪಿಸಿದಾಗ ಅವನ್ನು ಹಾವು ಸಂರಕ್ಷಕರೊಬ್ಬರ ಆರೈಕೆಗೆ ಒಪ್ಪಿಸಿ, ಹೊರಬಂದ ಮರಿಗಳನ್ನು ಕಾಡಿಗೆ ಬಿಡಲಾಯಿತು.

ಮೊದಲ ದಿನವೇ ಮೊಟ್ಟೆಗಳನ್ನು ಬುಟ್ಟಿಗೆ ತುಂಬಿ ಒಯ್ಯಬಹುದಿತ್ತಲ್ಲವೇ ಎಂಬ ಪ್ರಶ್ನೆ ಸಹಜ. ಹಾವಿನ ಮೊಟ್ಟೆ ಕೋಳಿಮೊಟ್ಟೆಯಂತಲ್ಲ. ಭ್ರೂಣ ಬೆಳೆಯುತ್ತಿರುವಾಗ ಅದನ್ನು ಮಗುಚಿದರೆ ಒಳಗಿನ ಜೀವಕ್ಕೆ ಅಪಾಯ. ಅಲ್ಲದೆ ಹೆಬ್ಬಾವು ಇಟ್ಟ ಮೊಟ್ಟೆಯನ್ನು ಬಿಟ್ಟುಹೋಗುವ ಜಾತಿಯಲ್ಲ. ವಾರಗಟ್ಟಲೆ ಆಹಾರವನ್ನೇ ತೊರೆದು, ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ ಕೂರುತ್ತದೆ. ನಮ್ಮ ಹೆಬ್ಬಾವು ಹಾಗೂ ಅದರ ಹತ್ತಿರದ ಬಂಧುವಾದ ಬರ್ಮಾ ಹೆಬ್ಬಾವುಗಳಲ್ಲಿ ಇನ್ನೂ ಒಂದು ವಿಶೇಷವುಂಟು. ತಣ್ಣನೆಯ ರಕ್ತದ ಪ್ರಾಣಿಯಾದರೂ ತಾಯಿಯು ಸ್ನಾಯುಗಳನ್ನು ಪದೇಪದೇ ಅದುರಿಸಿ ಮೈ ಬಿಸಿಮಾಡಿಕೊಂಡು ಮೊಟ್ಟೆಗೆ ಕಾವು ಕೊಡುತ್ತದೆ. ನ್ಯೂಯಾರ್ಕಿನ ಮೃಗಾಲಯವೊಂದರಲ್ಲಿ ಇದನ್ನು ಅಳೆದು ನೋಡಿದ ವಿಜ್ಞಾನಿಗಳು 1966ರಲ್ಲಿ ವರದಿ ಪ್ರಕಟಿಸಿದ್ದರು.

ತುಳುವಿನಲ್ಲಿ ಪೆರ್ಮರಿ, ಮಲಯಾಳದಲ್ಲಿ ಪೆರುಂಬಾಂಬು ಎನಿಸಿಕೊಳ್ಳುವ ಈ ಪ್ರಾಣಿಗೆ ವಿಷವಿಲ್ಲ. ತುಟಿಯಂಚಿನ ಕುಳಿಗಳಿಂದ ಬೇಟೆಯ ಮೈಬಿಸಿಯನ್ನು ಗ್ರಹಿಸಿ, ಕತ್ತಲಲ್ಲೂ ಗುರಿತಪ್ಪದೆ ಹಿಡಿಯುತ್ತದೆ. ತೋಟದ ಹೆಗ್ಗಣಗಳನ್ನು ತಿನ್ನುವಾಗ ಯಾರೂ ಅದನ್ನು ಕಾಣುವುದಿಲ್ಲ. ಕೋಳಿಗೂಡಿಗೆ ನುಗ್ಗಿದ ರಾತ್ರಿ ಮಾತ್ರ ಊರೆಲ್ಲ ದೊಣ್ಣೆ ಹಿಡಿದು ನೆರೆಯುತ್ತದೆ.

ದೊಣ್ಣೆ ಎತ್ತುವ ಮೊದಲು ತಿಳಿದಿರಬೇಕಾದ ಸಂಗತಿಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿ ಹೆಬ್ಬಾವು ಸೇರಿದೆ. ಅದನ್ನು ಕೊಂದರೆ 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷಗಳವರೆಗಿನ ಸಜೆ. ಜತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ‘ಬೇಟೆ’ ಎಂಬ ಪದಕ್ಕೆ ಕಾಯ್ದೆ ಕೊಡುವ ಅರ್ಥವೂ ವಿಶಾಲ: ಹಿಡಿಯುವುದು, ಬಲೆಗೆ ಬೀಳಿಸುವುದು, ಸರೀಸೃಪದ ಮೊಟ್ಟೆಯನ್ನು ಕೆಡಿಸುವುದು, ಗೂಡನ್ನು ಕದಡುವುದು ಕೂಡ ಬೇಟೆಯೇ. ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಕೊಂದರೆ ಅಪರಾಧವಲ್ಲವೆಂಬ ವಿನಾಯಿತಿ ಉಂಟು. ಕಳೆದುಹೋದ ಕೋಳಿಯ ಸಿಟ್ಟಿಗೆ ಅದು ಅನ್ವಯಿಸದು. ಹಾವನ್ನು ಕೊರಳಿಗೆ ಹಾಕಿಕೊಂಡು ಮೊಬೈಲಿನಲ್ಲಿ ಪಟ ತೆಗೆಸಿಕೊಳ್ಳುವ ಹುಡುಗರಿಗೂ ಮನೆಯ ಹಿರಿಯರು ಇದನ್ನು ಹೇಳಿಕೊಡುವುದು ಒಳಿತು.

ಸಾಕುವ ಹೆಬ್ಬಾವಿನ ಕಥೆ ಬೇರೆಯೇ. ಲೋಕದಲ್ಲಿ ಸುಮಾರು 40 ಬಗೆಯ ಹೆಬ್ಬಾವುಗಳಿದ್ದು, ಪಂಜರದಲ್ಲಿ ಹೆಚ್ಚಾಗಿ ಕಾಣುವುದು ಪಶ್ಚಿಮ ಆಫ್ರಿಕಾದ ‘ಬಾಲ್ ಪೈಥಾನ್’. ಹೆದರಿದಾಗ ಚೆಂಡಿನಂತೆ ಮುದುಡುವುದರಿಂದ ಆ ಹೆಸರು. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದಿದ್ದ ಇಂಥದೊಂದು ಹಾವು, ವರ್ಷಗಟ್ಟಲೆ ಗಂಡುಹಾವಿನ ಸಂಗವಿಲ್ಲದೆಯೂ 2020ರಲ್ಲಿ ಮೊಟ್ಟೆಯಿಟ್ಟಿತು. ಅಷ್ಟು ದೀರ್ಘಾಯುಷಿಯನ್ನು ಹುಟ್ಟುಹಬ್ಬದ ಉಡುಗೊರೆಯಾಗಿ ತರುವವರು, ಮಗು ಬೆಳೆದು ಕಾಲೇಜು ಸೇರಿದ ಮೇಲೆ ಹಾವನ್ನು ನೋಡುವವರಾರೆಂದು ಯೋಚಿಸುವುದು ಕಡಿಮೆ. ಫ್ಲೋರಿಡಾದಲ್ಲಿ ಸಾಕಿದವರ ಕೈಯಿಂದ ಹೊರಬಿದ್ದ ಬರ್ಮಾ ಹೆಬ್ಬಾವುಗಳು ಎವರ್‌ಗ್ಲೇಡ್ಸ್ ಜೌಗುನಾಡಿನಲ್ಲಿ ವಂಶ ಬೆಳೆಸಿ, ಅಲ್ಲಿನ ಸಣ್ಣ ಪ್ರಾಣಿಗಳನ್ನು ಬರಿದುಮಾಡುತ್ತಿವೆ. 2012ರಲ್ಲಿ ಅಮೆರಿಕ ಅವುಗಳ ಆಮದನ್ನು ನಿಷೇಧಿಸಿತು. ಆ ವೇಳೆಗೆ ಹಾವುಗಳು ನೆಲೆಯೂರಿದ್ದವು.

ಭಾರತದಲ್ಲಿ ನಮ್ಮ ನಾಡಿನ ಹೆಬ್ಬಾವನ್ನು ಮನೆಯಲ್ಲಿ ಸಾಕುವಂತೆಯೇ ಇಲ್ಲ. ಬಾಲ್ ಪೈಥಾನಿನಂಥ ವಿದೇಶಿ ಜಾತಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ ಹಾವು ಸತ್ತರೂ ತಿಳಿಸಬೇಕು.

ಕೇರಳದಲ್ಲಿ ಅಂಗಳಕ್ಕೆ ಹೆಬ್ಬಾವು ಬಂದರೆ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್ ಮೂಲಕ ತರಬೇತಿ ಪಡೆದ ಸಂರಕ್ಷಕರನ್ನು ಕರೆಯಬಹುದು. ಅವರು ಬರುವ ತನಕ ನಾಯಿಯನ್ನು ಕಟ್ಟಿಹಾಕಿ, ಮಕ್ಕಳನ್ನು ಒಳಗಿರಿಸಿ, ಹಾವು ಎತ್ತ ಸರಿಯಿತೆಂದು ದೂರದಿಂದ ಗಮನಿಸುತ್ತಿದ್ದರೆ ಸಾಕು.