ಮಹಾರಾಜರ ಪಿಯಾನೋ

ಉಳ್ಳಾರ್ತಿ ಕಾವಲ್ ಸುತ್ತಿನ ನಾಡಿನಲ್ಲಿ ಮೈಸೂರು ಅರಸರೆಂದೊಡನೆ ನೆನಪಾಗುವುದು ಅಮೃತಮಹಲ್ ದನಗಳು, ಅವುಗಳ ಮೇವಿಗೆಂದು ಮೀಸಲಿಟ್ಟ ಹುಲ್ಲುಗಾವಲು. ಆ ಮನೆತನದಲ್ಲಿ ಕೊನೆಯದಾಗಿ ರಾಜ್ಯವಾಳಿದ ಜಯಚಾಮರಾಜ ಒಡೆಯರು ಪಿಯಾನೋ ವಾದಕರಾಗಬೇಕೆಂದು ಹಂಬಲಿಸಿದವರು ಎಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಪಿಯಾನೋ ನಮ್ಮ ವೀಣೆಗೆ ತೀರ ಭಿನ್ನವಾದ ವಾದ್ಯ. ಅದರ 88 ಮನೆಗಳಲ್ಲಿ ಒಂದನ್ನು ಒತ್ತಿದರೆ ಒಳಗಿನ ಸುತ್ತಿಗೆಯೊಂದು ತಂತಿಗೆ ಬಡಿಯುತ್ತದೆ. ಹುಟ್ಟಿದ ಸ್ವರ ಅಚಲ. ಅದನ್ನು ಜಗ್ಗಿ ಗಮಕ ನುಡಿಸುವಂತಿಲ್ಲ. ಆದರೆ ಹತ್ತು ಬೆರಳುಗಳಿಂದ ಹಲವು ಸ್ವರಗಳನ್ನು ಏಕಕಾಲದಲ್ಲಿ ಹೊಮ್ಮಿಸಬಹುದು. ಪಾಶ್ಚಾತ್ಯ ಸಂಗೀತದ ಸ್ವರಮೇಳವೆಂಬ ಸಂಪತ್ತು ಇರುವುದು ಇಲ್ಲಿಯೇ.

1919ರಲ್ಲಿ ಜನಿಸಿದ ಒಡೆಯರು ಈ ವಿದ್ಯೆಯನ್ನು ಶ್ರದ್ಧೆಯಿಂದ ಕಲಿತರು. ಆದರೆ 1940ರಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು. ಅದೇ ವರ್ಷ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಅಗಲಿದರು. ಇಪ್ಪತ್ತೊಂದರ ತರುಣನಿಗೆ ಸಿಂಹಾಸನ ಬಂದಿತು; ಸಂಗೀತ ವೇದಿಕೆಯ ಕನಸು ಅಲ್ಲಿಗೆ ನಿಂತಿತು. ಅಭ್ಯಾಸ ಮಾತ್ರ ನಿಲ್ಲಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯೂ ಟ್ರಿನಿಟಿ ಕಾಲೇಜಿನ ಗೌರವ ಫೆಲೋ ಮನ್ನಣೆಯೂ ಅವರಿಗೆ ದೊರೆತವು.

ತಮಗೆ ದೊರಕದ ಬದುಕನ್ನು ಇನ್ನೊಬ್ಬರಲ್ಲಿ ಉಳಿಸಿದುದು ಅವರ ದೊಡ್ಡತನ. ನಿಕೊಲಾಯ್ ಮೆಟ್ನರ್ ರಷ್ಯದ ವಾಗ್ಗೇಯಕಾರ. 1900ರಲ್ಲಿ ರೂಬಿನ್‌ಸ್ಟೈನ್ ಬಹುಮಾನದೊಡನೆ ಮಾಸ್ಕೋ ಸಂಗೀತಶಾಲೆಯಿಂದ ಹೊರಬಂದ ಪಿಯಾನೋ ವಾದಕ. ಕ್ರಾಂತಿಯ ತರುವಾಯ ತಾಯ್ನಾಡು ತೊರೆದು ಕೊನೆಗೆ ಲಂಡನ್ ಸೇರಿದ್ದ. ಯುದ್ಧದಿಂದಾಗಿ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತ್ತು; ಆರೋಗ್ಯವೂ ಕೆಟ್ಟಿತ್ತು. ಮುಪ್ಪಿನಲ್ಲಿದ್ದ ಆ ಕಲಾವಿದ ತನ್ನ ಕೃತಿಗಳನ್ನು ತಾನೇ ನುಡಿಸಿ ಧ್ವನಿಮುದ್ರಿಸಲು ಬೇಕಾದ ವೆಚ್ಚವನ್ನು ಮೈಸೂರಿನ ಮಹಾರಾಜರು ಕೊಟ್ಟರು. 1947ರಿಂದ ಮುದ್ರಣ ಸಾಗಿತು. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕನ್ಚರ್ಟೊವನ್ನು ಅವರಿಗೆ ಅರ್ಪಿಸಿದ. 1951ರಲ್ಲಿ ಆತ ತೀರಿಕೊಂಡ. ಸ್ವಲ್ಪ ತಡವಾಗಿದ್ದರೂ ಆ ಬೆರಳುಗಳ ನಾದ ನಮಗೆ ಉಳಿಯುತ್ತಿರಲಿಲ್ಲ.

1948ರಲ್ಲಿ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಆಲ್ಬರ್ಟ್ ಹಾಲಿನಲ್ಲಿ ಮೊದಲು ಕೇಳಿಬಂದಾಗ ವೆಚ್ಚಕ್ಕೆ ಹೊಣೆ ನಿಂತವರೂ ಅವರೇ.

ಹಾಗೆಂದು ಅವರು ನಮ್ಮ ಸಂಗೀತಕ್ಕೆ ಹೊರಗಿನವರಾಗಿ ಉಳಿಯಲಿಲ್ಲ. ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು; ವಾಸುದೇವಾಚಾರ್ಯರ ಮಾರ್ಗದರ್ಶನ ಪಡೆದರು; ಶ್ರೀವಿದ್ಯಾ ಎಂಬ ಮುದ್ರೆಯಲ್ಲಿ 94 ಕೃತಿಗಳನ್ನು ರಚಿಸಿದರು. ಪಿಯಾನೋದಲ್ಲಿ ಪಳಗಿದ ಕೈ ಗಮಕದ ನಾಡಿಗೆ ಮರಳಿತು. 1974ರಲ್ಲಿ ಅವರು ಗತಿಸಿದರು. ಅವರ ಕೃತಿಗಳನ್ನು ನಮ್ಮ ಕಛೇರಿಗಳಲ್ಲಿ ಕೇಳುವವರು ಒಮ್ಮೆ ಮೆಟ್ನರನ ಧ್ವನಿಮುದ್ರಿಕೆಯನ್ನೂ ಕೇಳಬೇಕು. ಅದೂ ಮೈಸೂರಿನ ಸಂಗೀತಚರಿತ್ರೆಯ ಒಂದು ಪುಟವೇ.