ಹಳೆಯ ಗಡಿಯಾರಕ್ಕೆ ಮರುಜೀವ

ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ತಯಾರಿಕೆಗೆ ತೊಡಗಿತು. ಮದುವೆಯಲ್ಲಿ ಅಳಿಯನ ಕೈಗೇರಿದ ಎಷ್ಟೋ ‘ಜನತಾ’ ಗಡಿಯಾರಗಳು ಇಂದು ಬೀರುವಿನಲ್ಲಿ ನಿಂತುಹೋಗಿವೆ. ಅವನ್ನು ಮತ್ತೆ ಓಡಿಸುವುದೇ ಕೆಲವರ ಹವ್ಯಾಸ.

ನಿಂತ ಗಡಿಯಾರವೆಲ್ಲ ಕೆಟ್ಟದ್ದೆಂದು ತಿಳಿಯಬೇಕಿಲ್ಲ. ಎಷ್ಟೋ ಸಲ ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ, ಅಷ್ಟೆ. ‘ಜನತಾ’ದ ಬ್ಯಾಲೆನ್ಸ್ ಚಕ್ರಕ್ಕೆ ಸೆಕೆಂಡಿಗೆ ಐದು ಬಡಿತ, ಗಂಟೆಗೆ 18,000. ಇಷ್ಟು ಸೂಕ್ಷ್ಮ ಚಲನೆಗೆ ಅಂಟು ದೊಡ್ಡ ಅಡ್ಡಿಯೇ ಸರಿ. ಬಿಚ್ಚುವ ಮೊದಲು ಮುಖ್ಯ ಸ್ಪ್ರಿಂಗಿನ ಬಿಗಿ ಇಳಿಸಬೇಕು. ಮರೆತರೆ ಅದು ಒಮ್ಮೆಲೇ ಬಿಚ್ಚಿಕೊಂಡು ಚಕ್ರದ ಹಲ್ಲು ಮುರಿದೀತು. ಭಾಗಗಳನ್ನು ತೊಳೆದು ಒಣಗಿಸಿದ ಮೇಲೆ ಎಣ್ಣೆ, ಅದೂ ಸೂಜಿಮೊನೆಯಷ್ಟು. ಹೊಸಬರು ಎಡವುವುದು ಇಲ್ಲಿಯೇ. ಹೆಚ್ಚಾದ ಎಣ್ಣೆ ಕೂದಲೆಳೆಯಂಥ ಹೇರ್‌ಸ್ಪ್ರಿಂಗಿಗೆ ತಗುಲಿದರೆ ಸುರುಳಿಗಳು ಒಂದಕ್ಕೊಂದು ಅಂಟಿ, ಗಡಿಯಾರ ವಿಪರೀತ ಮುಂದೆ ಓಡತೊಡಗುತ್ತದೆ.

ನಿಜವಾದ ಕಷ್ಟ ಬಿಡಿಭಾಗಗಳದು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ಹಳೆಯ ದಾಸ್ತಾನು ಕೈಗೆ ಸಿಗದಿದ್ದರೆ ಒಂದು ಗಡಿಯಾರವನ್ನು ಬದುಕಿಸಲು ಇನ್ನೊಂದನ್ನು ಬಿಚ್ಚಬೇಕು. ಹೀಗೆ ರಿಪೇರಿಯೇ ಉಳಿದ ಗಡಿಯಾರಗಳ ಲೆಕ್ಕವನ್ನು ಇಳಿಸುತ್ತದೆ!

ಇಷ್ಟು ಸಾಲದೆಂಬಂತೆ, ಮಾಸಿದ ಡಯಲಿಗೆ ಹೊಸ ಬಣ್ಣ ಬಳಿಸಿ ಮಾರುವವರೂ ಇದ್ದಾರೆ. ನೋಡಲು ಚೆಂದವೇನೋ ಹೌದು, ಆದರೆ ಕಾರ್ಖಾನೆಯ ಮೂಲ ಅಚ್ಚು ಅಳಿಸಿದರೆ ಮರಳಿ ಬರುವುದಿಲ್ಲ. ಬಲ್ಲ ಹವ್ಯಾಸಿಗಳು ಡಯಲನ್ನು ಹಾಗೆಯೇ ಬಿಡುತ್ತಾರೆ. ಗೀರುಬಿದ್ದ ಗಾಜನ್ನಷ್ಟೇ ಉಜ್ಜಿ ಹೊಳಪಿಸಿ, ಬದಲಾಯಿಸಿದ ಹಳೆಯ ಭಾಗವನ್ನು ಪೊಟ್ಟಣ ಕಟ್ಟಿ ಗಡಿಯಾರದ ಜೊತೆಗೇ ಇಡುತ್ತಾರೆ.